ಅನ್ನಪೂರ್ಣ ಸರ್ಕ್ಯೂಟ್‌ಗೆ ಹೊರಟಿದ್ದೀರಾ? ಮನಾಂಗ್‌ನ ಎರಡನೇ ರಾತ್ರಿಯನ್ನು ಬಿಟ್ಟುಕೊಡಬೇಡಿ

ಹೋದ ಅಕ್ಟೋಬರ್‌ನಲ್ಲಿ ನಾವು 5 ಜನ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೆ ಹೋಗಿದ್ದೆವು. ಅನ್ನಪೂರ್ಣ ಪರ್ವತಗಳನ್ನು ಸುತ್ತುವ 18 ದಿನದ ಟ್ರೆಕ್. ಬೆಟ್ಟಸಾಲು ದಾಟುವ ಎತ್ತರದ ದಾರಿ ತೊರೊಂಗ್ ಲಾ ಪಾಸ್‌ನ ಬುಡದಿಂದ, ಎತ್ತರದ ಕಾಯಿಲೆಗೆ ಬಿದ್ದ ನನ್ನ ತಂಗಿಯನ್ನು ರಾತ್ರೋರಾತ್ರಿ ಎರಡೂ ಕಡೆ ಹಿಡಿದುಕೊಂಡು ಕೆಳಗೆ ಇಳಿಸಬೇಕಾಯಿತು. ಈಗ ಅವಳು ಆರಾಮಾಗಿದ್ದಾಳೆ. ಅವಳನ್ನು ಉಳಿಸಿದ್ದು ನಮ್ಮ ಏಜೆನ್ಸಿ ಅಲ್ಲ, ಬೇರೆ ತಂಡದ ಗೈಡ್ ಒಬ್ಬರು. ಈ ಸೀಸನ್‌ನಲ್ಲಿ ಹೊರಡುವವರು ದಯವಿಟ್ಟು ಪೂರ್ತಿ ಓದಿ.

ತೀರಾ ಅಗ್ಗದ ಏಜೆನ್ಸಿ ಹಿಡಿದಿರಬೇಕು ಅಂದುಕೊಳ್ಳಬೇಡಿ. ನಾಲ್ಕೈದು ಕಡೆ ವಿಚಾರಿಸಿಯೇ ಆರಿಸಿದ್ದೆವು. ಅವರು ಕಳಿಸಿದ ಕಾರ್ಯಕ್ರಮ ಚೆನ್ನಾಗಿತ್ತು. ಸುಮಾರು 760 ಮೀಟರ್ ಎತ್ತರದ ಬೇಸಿಸಹರ್‌ನಿಂದ ಮರ್ಸ್ಯಾಂಗ್ದಿ ನದಿಯ ಜೊತೆಜೊತೆಗೇ ಮೇಲಕ್ಕೆ ನಡೆಯುವುದು. ಧಾರಾಪಾನಿ, ಚಾಮೆ, ಪಿಸಾಂಗ್ ದಾಟಿ ಮನಾಂಗ್. ಅಲ್ಲಿ ಎರಡು ರಾತ್ರಿ. ಆಮೇಲೆ 5,416 ಮೀಟರ್ ಎತ್ತರದ ತೊರೊಂಗ್ ಲಾ ದಾಟಿ ಮುಕ್ತಿನಾಥ, ಕಾಗಬೇನಿ, ಮಾರ್ಫಾ, ಕೊನೆಗೆ ಘೋರೆಪಾನಿ. ಪಾಸ್‌ಗೆ ಮುಂಚೆ ಒಂದು ದಿನ ಹೆಚ್ಚಿಗೆ ಇಟ್ಟಿದ್ದರು. ತಂಗಿ ಅಷ್ಟು ಎತ್ತರಕ್ಕೆ ಎಂದೂ ಹೋದವಳಲ್ಲ. ಮನಾಂಗ್‌ನ ವಿಶ್ರಾಂತಿ ದಿನ, ಈ ಹೆಚ್ಚಿನ ದಿನ, ಎರಡನ್ನೂ ನೋಡಿಯೇ ನಾನು ಇವರನ್ನು ಒಪ್ಪಿಕೊಂಡಿದ್ದು. ಪೂರ್ತಿ ದುಡ್ಡು ಮುಂಚೆಯೇ ಕಟ್ಟಿದೆವು. ಅದು ನಮ್ಮ ಮೊದಲ ತಪ್ಪು.

ಕಾಠ್ಮಂಡುಗೆ ಹೋದಾಗ ಪರ್ಮಿಟ್ ಆಗಿರಲಿಲ್ಲ. ಒಂದು ದಿನ ಸುಮ್ನೆ ಹೋಟೆಲ್‌ನಲ್ಲಿ ಕಳೆಯಿತು. ಹೋಗಲಿ ಬಿಡಿ ಅಂದುಕೊಂಡೆವು. ಮಾರನೇ ದಿನ ಬೇಸಿಸಹರ್ ತಲುಪಿದೆವು. ಮರುದಿನ ಬೆಳಿಗ್ಗೆ ಗೈಡ್ ಒಂದು ಜೀಪ್ ತಂದು ನಿಲ್ಲಿಸಿದರು. ‘ಒಂದು ದಿನ ಹೋಗಿದೆ ಅಲ್ವಾ, ಚಾಮೆವರೆಗೂ ಇದರಲ್ಲೇ ಹೋಗೋಣ. ಕೆಳಗಿನ ದಾರಿಯಲ್ಲಿ ಬರೀ ಧೂಳು’ ಅಂದರು. ಈಗ ಮನಾಂಗ್‌ವರೆಗೂ ಜೀಪ್ ರಸ್ತೆ ಆಗಿರುವುದು ನಿಜ, ಧೂಳೂ ನಿಜ. ಒಪ್ಪಿಕೊಂಡೆವು.

ಆ ಒಪ್ಪಿಗೆಯ ಬೆಲೆ ಆಗ ನಮಗೆ ಗೊತ್ತಾಗಲಿಲ್ಲ. ಕಾರ್ಯಕ್ರಮದಲ್ಲಿ 4 ದಿನ ನಡೆದು ಏರಬೇಕಿದ್ದ ಎತ್ತರವನ್ನು ಒಂದೇ ದಿನದಲ್ಲಿ ಏರಿದೆವು. ಚಾಮೆ ಸುಮಾರು 2,670 ಮೀಟರ್. ಮರುದಿನ ಮೇಲಿನ ಪಿಸಾಂಗ್, 3,300. ಅದರ ಮರುದಿನ ಮನಾಂಗ್, 3,500ಕ್ಕಿಂತ ಜಾಸ್ತಿ. ಎತ್ತರಕ್ಕೆ ದೇಹ ಹೊಂದಿಕೊಳ್ಳಲು ದಿನಗಳೇ ಬೇಕು. ಅದಕ್ಕೆ ಅಡ್ಡದಾರಿ ಇಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಮಲಗಬೇಕು ಅಂತ ವೈದ್ಯರು ಹೇಳುವುದು ಇದಕ್ಕೇ. ತೊರೊಂಗ್ ಲಾದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇದೆ. ಸೀಸನ್‌ನಲ್ಲಿ ಅಲ್ಲಿನ ವೈದ್ಯರು ಚಾರಣಿಗರನ್ನು ಕೂರಿಸಿಕೊಂಡು ಎತ್ತರದ ಕಾಯಿಲೆ ಬಗ್ಗೆ ತಿಳಿಸಿ ಹೇಳುತ್ತಾರೆ. ಅದರ ಬೋರ್ಡ್ ನೋಡಿ ನಾಳೆ ಹೋಗೋಣ ಅಂದೆ. ‘ನಾಳೆ ನಾವು ಇಲ್ಲಿ ಇರುವುದಿಲ್ಲ, ಮೇಲಿನ ಯಾಕ್ ಖರ್ಕಾಕ್ಕೆ ಹೊರಡುತ್ತೇವೆ. ಎಲ್ಲರೂ ಗಟ್ಟಿಯಾಗಿದ್ದೀರಿ’ ಅಂದರು ಗೈಡ್. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬೆರಳಿಗೆ ಹಾಕಿ ತಂಗಿಯ 88 ಅನ್ನು ತೋರಿಸಿದರು. ಅಷ್ಟು ಎತ್ತರಕ್ಕೆ ಆ ನಂಬರ್ ಚೆನ್ನಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ಇವನ್ನು ಕೇಳಿ ತಿಳಿಯಬೇಕು. ತಂಗಿಗೆ ಹಿಂದಿನ ರಾತ್ರಿಯಿಂದಲೇ ತಲೆನೋವಿತ್ತಂತೆ. ತನ್ನಿಂದ ಎಲ್ಲರಿಗೂ ತಡ ಆಗಬಾರದು ಅಂತ ಬಾಯಿ ಬಿಟ್ಟಿರಲಿಲ್ಲ. ಯಾವ ಗುಂಪಿನಲ್ಲೂ ಹೀಗೆ ಮುಚ್ಚಿಡುವವರು ಒಬ್ಬರು ಇದ್ದೇ ಇರುತ್ತಾರೆ. ವಿಶ್ರಾಂತಿ ದಿನ ಬೇಕಾಗುವುದು ಅವರಿಗೇ.

ಇನ್ನು ನಮ್ಮ ಪೋರ್ಟರ್ ಹುಡುಗನ ವಿಷಯ. ಬರೆಯಲು ನಾಚಿಕೆಯಾಗುತ್ತದೆ. 5 ಜನಕ್ಕೆ 3 ಪೋರ್ಟರ್ ಅಂತ ಬರೆದುಕೊಟ್ಟಿದ್ದರು, ಬಂದವರು ಇಬ್ಬರೇ. ಯಾಕ್ ಖರ್ಕಾದಲ್ಲಿ ನನ್ನ ಬಳಿ ಇದ್ದ ಲಗೇಜ್ ತಕ್ಕಡಿಗೆ ಅವನ ಹೊರೆ ಕಟ್ಟಿ ಎತ್ತಿದೆವು. 41 ಕಿಲೋ. ನೇಪಾಳದಲ್ಲಿ ಒಬ್ಬರಿಗೆ 30 ಕಿಲೋ ಮೀರಬಾರದು ಅನ್ನುತ್ತದೆ ಇಂಟರ್‌ನ್ಯಾಷನಲ್ ಪೋರ್ಟರ್ ಪ್ರೊಟೆಕ್ಷನ್ ಗ್ರೂಪ್. 1997ರಲ್ಲಿ ಪೋರ್ಟರ್ ಒಬ್ಬರು ಎತ್ತರದ ಕಾಯಿಲೆಯಿಂದ ಸತ್ತ ಮೇಲೆ ಹುಟ್ಟಿದ ಗುಂಪು ಅದು. ಹುಡುಗನ ಕಾಲಲ್ಲಿ ಕ್ಯಾನ್ವಾಸ್ ಶೂ. ಬಲಗಾಲಿನದರ ಅಟ್ಟೆ ಮುಂದೆ ಬಾಯಿಬಿಟ್ಟು, ನೀಲಿ ಪ್ಲಾಸ್ಟಿಕ್ ದಾರದಲ್ಲಿ ಸುತ್ತಿ ಕಟ್ಟಿತ್ತು. ಹಣೆಗೆ ಹಾಕುವ ನಾಮ್ಲೋ ಪಟ್ಟಿ ತೆಗೆದಾಗ ಆ ಜಾಗದಲ್ಲಿ ಚರ್ಮ ಕೆಂಪಗೆ ಒತ್ತಿಕೊಂಡಿತ್ತು. ಮೂರು ದಿನದಿಂದ ಅವನು ನನ್ನ ಬ್ಯಾಗ್ ಹೊತ್ತಿದ್ದ. ನಾನು ಅವನ ಕಾಲು ನೋಡಿದ್ದು ಅವತ್ತೇ.

ಪೋರ್ಟರ್ ಅಂದರೆ ಬೆಟ್ಟದವರು, ಎತ್ತರ ಅವರಿಗೆ ಹುಟ್ಟಿನಿಂದಲೇ ರೂಢಿ ಅಂದುಕೊಳ್ಳುತ್ತೇವೆ ಅಲ್ವಾ? ತುಂಬಾ ಜನ ಕೆಳಗಿನ ಊರುಗಳಿಂದ ಬಂದವರು. ನಮಗೆ ಆಗುವುದೆಲ್ಲ ಅವರಿಗೂ ಆಗುತ್ತದೆ, ಮೇಲೆ ಹೊರೆ ಬೇರೆ. ಮಾರನೇ ಬೆಳಿಗ್ಗೆ ಅವನು ಕಲ್ಲುಗೋಡೆಯ ಹಿಂದೆ ಕೂತು ವಾಂತಿ ಮಾಡುತ್ತಿದ್ದ. ಗೈಡ್ ಅವನ ಕೈಗೆ ಸ್ವಲ್ಪ ದುಡ್ಡು ಕೊಟ್ಟು ಒಬ್ಬನನ್ನೇ ಕೆಳಗೆ ಕಳಿಸಿದರು. ಕಾಯಿಲೆ ಬಿದ್ದವರನ್ನು ಒಬ್ಬರನ್ನೇ ಇಳಿಸಬಾರದು. ದಾರಿಯಲ್ಲಿ ಕೂತುಬಿಟ್ಟರೆ ಎಬ್ಬಿಸುವವರು ಯಾರು? ನಾವು ಕೇಳಬೇಕಿತ್ತು. ಯಾರಾದರೂ ಒಬ್ಬರು ಜೊತೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಅವತ್ತೇ ಮಧ್ಯಾಹ್ನ ಪಾಸ್‌ನ ಬುಡದ ತೊರೊಂಗ್ ಫೆದಿ ಸೇರಿದೆವು, ಸುಮಾರು 4,450 ಮೀಟರ್. ತಂಗಿ ಊಟ ಮುಟ್ಟಲಿಲ್ಲ. ಸಂಜೆ ಶೂ ದಾರ ಕಟ್ಟಲು ಹೋಗಿ ಎರಡು ತುದಿ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾ ಕೂತಳು. ಏನಾಯ್ತು ಅಂದರೆ ಉತ್ತರ ತಡವಾಗಿ ಬರುತ್ತಿತ್ತು. ಗೈಡ್ ಹೇಳಿದ್ದು ಒಂದೇ ಮಾತು: ‘ಸುಸ್ತು. ಮಲಗಿದರೆ ಸರಿಹೋಗುತ್ತದೆ. ಬೆಳಿಗ್ಗೆ 4ಕ್ಕೆ ಪಾಸ್.’

ಪಕ್ಕದ ಮೇಜಿನಲ್ಲಿ ಇನ್ನೊಂದು ತಂಡ ಇತ್ತು. ಅವರ ಗೈಡ್ ಎದ್ದು ಬಂದು ತಂಗಿಯನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಹಾಸುಗಲ್ಲಿನ ಒಂದು ಗೆರೆ ತೋರಿಸಿ, ಹಿಂದಿನ ಪಾದದ ಬೆರಳಿಗೆ ಮುಂದಿನ ಪಾದದ ಹಿಮ್ಮಡಿ ತಾಗಿಸುತ್ತಾ ನಡೆ ಅಂದರು. ಮೊದಲ ಹೆಜ್ಜೆ ಇಟ್ಟಳು. ಎರಡನೆಯದು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಮೂರನೆಯದಕ್ಕೆ ಅವರ ತೋಳಿಗೇ ಒರಗಿದಳು. ಎತ್ತರದಲ್ಲಿ ಹೀಗೆ ನೇರ ನಡೆಯಲು ಆಗದಿದ್ದರೆ ಮೆದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಕಾಯುತ್ತಾ ಕೂತರೆ ಪ್ರಜ್ಞೆ ತಪ್ಪುತ್ತದೆ, ಜೀವ ಹೋಗುತ್ತದೆ. ಬೆಳಗಾಗಲಿ ಅನ್ನುವ ಮಾತೇ ಇಲ್ಲ, ಇಳಿಯಬೇಕು. ಅವರು ತಮ್ಮ ಪೆಟ್ಟಿಗೆಯಿಂದ ಮೆದುಳಿನ ಊತ ಇಳಿಸುವ ಡೆಕ್ಸಾಮೆಥಾಸೋನ್ ಔಷಧಿ ಕೊಟ್ಟರು. ತಮ್ಮ ಇಬ್ಬರು ಹುಡುಗರನ್ನು ನಮ್ಮ ಜೊತೆ ಕಳಿಸಿದರು. ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಪ್ಯಾರಾಸಿಟಮಾಲ್ ಮತ್ತು ಬ್ಯಾಂಡೇಜ್.

ಕಲ್ಲು ಉರುಳುವ ಆ ಇಳಿಜಾರನ್ನು ಹೆಡ್‌ಲ್ಯಾಂಪ್ ಬೆಳಕಿನಲ್ಲಿ ದಾಟಿದ್ದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಯಾಕ್ ಖರ್ಕಾಕ್ಕೆ ಬರುವಷ್ಟರಲ್ಲಿ ತಂಗಿ ನೀರು ಕೇಳಿದಳು. ಮರುದಿನ ಮನಾಂಗ್‌ನ ಕ್ಲಿನಿಕ್‌ನಲ್ಲಿ ಆಕ್ಸಿಜನ್ ಹಾಕಿದರು. ನಮ್ಮ ಪೋರ್ಟರ್ ಹುಡುಗನನ್ನು ಹುಡುಕುತ್ತಾ ಹೋದೆ. ಊರ ತುದಿಯ ಲಾಡ್ಜ್‌ನ ಅಡುಗೆಮನೆಯಲ್ಲಿ, ಒಲೆ ಪಕ್ಕ ಕಂಬಳಿ ಹೊದ್ದು ಮಲಗಿದ್ದ. ಆ ಮನೆಯ ಹೆಂಗಸು ದಾರಿಯಲ್ಲಿ ಕೂತಿದ್ದವನನ್ನು ಕಂಡು ಒಳಗೆ ಕರೆತಂದಿದ್ದರಂತೆ. ಅವನನ್ನೂ ಕ್ಲಿನಿಕ್‌ಗೆ ತೋರಿಸಿದೆವು. ಅರ್ಧಕ್ಕೆ ಬಿಟ್ಟ ಅಂತ ಏಜೆನ್ಸಿಯವರು ಉಳಿದ ಕೂಲಿ ಕೊಡಲಿಲ್ಲ. ನಾವೇ ಕೊಟ್ಟೆವು.

ಇಷ್ಟೆಲ್ಲಾ ಅವಸರ ಯಾಕೆ ಅಂತ ಆಮೇಲೆ ಗೈಡೇ ಹೇಳಿದರು. 5 ದಿನ ಮುಂಚೆ ಮುಗಿಸಿ, ಕಾಠ್ಮಂಡುವಿನಲ್ಲಿ ಇನ್ನೊಂದು ತಂಡವನ್ನು ಕರೆದುಕೊಳ್ಳಬೇಕಿತ್ತು. ಆಫೀಸಿನಿಂದ ದಿನಾ ಫೋನ್ ಬರುತ್ತಿತ್ತು. ಗೈಡ್ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ, ಅವರ ಕೆಲಸ ಆಫೀಸಿನ ಕೈಯಲ್ಲಿತ್ತು. ಸಿಟ್ಟು ಇರುವುದು 18 ದಿನದ ದುಡ್ಡು ತೆಗೆದುಕೊಂಡು 13 ದಿನದಲ್ಲಿ ಓಡಿಸಲು ನೋಡಿದವರ ಮೇಲೆ.

ತಂಗಿ ಕ್ಲಿನಿಕ್‌ನಲ್ಲಿ ಚೇತರಿಸಿಕೊಂಡು ಎದ್ದು ಓಡಾಡುತ್ತಿರುವಾಗ ಅದೇ ಆಫೀಸಿನವರು ಫೋನ್ ಮಾಡಿ ‘ಹೆಲಿಕಾಪ್ಟರ್ ಕಳಿಸುತ್ತೇವೆ, ಇನ್ಶೂರೆನ್ಸ್ ಕೊಡುತ್ತದೆ’ ಅಂದರು. ಡಾಕ್ಟರ್ ಬೇಡ ಅಂದ ಮೇಲೂ ಎರಡು ಸಲ ಕೇಳಿದರು. ಬೇಡದ ಹೆಲಿಕಾಪ್ಟರ್ ಕರೆಸಿ ವಿಮೆ ದುಡ್ಡು ಹಂಚಿಕೊಳ್ಳುವ ದಂಧೆ 2018ರಲ್ಲಿ ನೇಪಾಳ ಸರ್ಕಾರದ ತನಿಖೆಯಲ್ಲೇ ಹೊರಬಿದ್ದಿತ್ತು. ನಿಜವಾಗಿ ಬೇಕಾದಾಗ ಹಿಂದೆಮುಂದೆ ನೋಡಬೇಡಿ. ಆದರೆ ಬೇಕೋ ಬೇಡವೋ ಅನ್ನುವುದನ್ನು ವೈದ್ಯರು ಹೇಳಲಿ. ನಿಮ್ಮ ವಿಮೆ 5,416 ಮೀಟರ್‌ವರೆಗೂ ನಡೆಯುತ್ತದಾ ಅಂತ ಮೊದಲೇ ಓದಿಕೊಳ್ಳಿ. ಎಷ್ಟೋ ಪಾಲಿಸಿಗಳು ಅದಕ್ಕಿಂತ ಕೆಳಗೇ ನಿಂತುಬಿಡುತ್ತವೆ.

ವಿದೇಶಿ ಚಾರಣಿಗರು ಗೈಡ್ ಜೊತೆಗೇ ಹೋಗಬೇಕೆಂದು ನೇಪಾಳದಲ್ಲಿ 2023ರ ಏಪ್ರಿಲ್‌ನಲ್ಲಿ ನಿಯಮ ತಂದಿದ್ದಾರೆ. ಹಾಗಾಗಿ ಏಜೆನ್ಸಿ ಬೇಡವೇ ಬೇಡ ಅನ್ನುವುದಿಲ್ಲ. ಆದರೆ ದುಡ್ಡು ಪೂರ್ತಿ ಕೊಡಬೇಡಿ, ಒಂದು ಪಾಲು ಟ್ರೆಕ್ ಮುಗಿದ ಮೇಲೆ ಅಂತ ಮಾತಾಡಿ. ಯಾವ ರಾತ್ರಿ ಎಲ್ಲಿ, ಎಷ್ಟು ಎತ್ತರ ಅಂತ ಬರೆಸಿಕೊಳ್ಳಿ. ನಿಮ್ಮ ಗೈಡ್‌ನ ಮುಂದಿನ ತಂಡ ಯಾವ ತಾರೀಕಿಗೆ ಅಂತ ನೇರವಾಗಿ ಕೇಳಿ. ನಾನು ಕೇಳಿದ್ದರೆ ಈ ಬರಹವೇ ಬೇಕಿರಲಿಲ್ಲ. ಪೋರ್ಟರ್‌ನ ಶೂ, ಜಾಕೆಟ್, ವಿಮೆ, ಹೊರೆ ಎಲ್ಲವನ್ನೂ ಹೊರಡುವ ಬೆಳಿಗ್ಗೆಯೇ ಕಣ್ಣಾರೆ ನೋಡಿ. ಜೀಪ್ ಬಂದು ನಿಂತರೆ, ಇವತ್ತು ರಾತ್ರಿ ಎಷ್ಟು ಮೀಟರ್‌ನಲ್ಲಿ ಮಲಗುತ್ತೇವೆ ಅಂತ ಮೊದಲು ಲೆಕ್ಕ ಹಾಕಿ.

ಆ ಹೆಚ್ಚಿನ ದಿನ ಹವಾಮಾನಕ್ಕೂ ಬೇಕು. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತ ಎರಡೇ ದಿನದಲ್ಲಿ ಹಿಮಾಲಯ ಮುಟ್ಟಿತು. ತೊರೊಂಗ್ ಲಾ ಸುತ್ತಮುತ್ತ ಹಿಮಗಾಳಿ, ಹಿಮಪಾತಕ್ಕೆ 40ಕ್ಕೂ ಹೆಚ್ಚು ಜನ ಸತ್ತರು. ಕೈಯಲ್ಲಿ ದಿನ ಇದ್ದವರು ಮಾತ್ರ ಕೆಳಗೆ ಕಾಯಬಲ್ಲರು.

ಊರಿಗೆ ಬಂದು ಏಜೆನ್ಸಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಮುಂದಿನ ಟ್ರೆಕ್‌ಗೆ ರಿಯಾಯಿತಿ ಕೊಡುತ್ತೇವೆ ಅಂತ ಉತ್ತರ ಬಂತು. ಹುಡುಗನ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೊನ್ನೆ ನೋಡಿದೆ, ಅದೇ ಕಾರ್ಯಕ್ರಮವನ್ನು ಈ ಸೀಸನ್‌ಗೂ ಮಾರುತ್ತಿದ್ದಾರೆ. ಮನಾಂಗ್‌ನಲ್ಲಿ ಎರಡು ರಾತ್ರಿ ಅಂತಲೇ ಬರೆದಿದ್ದಾರೆ.