ಬಾಪ್ಪುವಿನ ಹೆಸರು ಸಿಕ್ಕಿದ ಪುಟ

ದುಡ್ಡು ಕೊಟ್ಟು ಬರಿಗೈಯಲ್ಲಿ ನಿಂತವನಿಗೆ ಬಿಡಿಗಾಸು ಖರ್ಚಿಲ್ಲದೆ ಸಿಕ್ಕಿದ್ದರ ಬಗ್ಗೆ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕು ಹಡಗು ಹತ್ತಿ ಹಿಂತಿರುಗದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದರೆ, ಯುದ್ಧಗಳಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿರುವ ಹುಡುಕಾಟದ ಪುಟದಿಂದಲೇ ಶುರುಮಾಡಿ. ಬೇರೆಲ್ಲ ಆಮೇಲೆ.

ನಮ್ಮದು ಉಡುಪಿ ಕಡೆಯ ಸ್ವರ್ಣಾ ನದಿಯ ದಂಡೆಯ ಊರು. ಅಜ್ಜನ ತಮ್ಮ ತಾರ್ವಟಿ, ಎಂದರೆ ಹಡಗಿನ ಕೆಲಸದವರು. ಅಪ್ಪನಿಗೆ ಅವರು ಬಾಪ್ಪು, ಎಂದರೆ ಚಿಕ್ಕಪ್ಪ, ಆದ್ದರಿಂದ ನಮಗೆಲ್ಲರಿಗೂ ಬಾಪ್ಪುವೇ ಆದರು. ಹದಿನೆಂಟರ ಪ್ರಾಯದಲ್ಲಿ ಮುಂಬಯಿಗೆ ಹೋಗಿ, ಧೋಬಿ ತಲಾವಿನಲ್ಲಿ ಗೋವೆಯವರ ಕೂಡ್ (ಊರವರು ಒಟ್ಟಿಗೆ ತಂಗುವ ಮನೆ) ಒಂದರಲ್ಲಿ ಪರಿಚಯದ ಮೇಲೆ ಚಾಪೆ ಬಿಡಿಸುವಷ್ಟು ಜಾಗ ಪಡೆದು, ತಿಂಗಳುಗಟ್ಟಲೆ ಕಾದು ಹಡಗು ಹತ್ತಿದರು. ಬ್ರಿಟಿಷ್ ಕಂಪನಿಗಳಲ್ಲಿ ಆಗ ಡೆಕ್ಕಿಗೆ ರತ್ನಗಿರಿ, ಕಾಠಿಯಾವಾಡ, ನೊವಾಖಾಲಿಯವರು, ಎಂಜಿನ್ ಕೋಣೆಗೆ ಪಂಜಾಬ್, ಸಿಲ್ಹೆಟ್ ಕಡೆಯವರು, ಅಡುಗೆಗೂ ಬಡಿಸುವುದಕ್ಕೂ ಗೋವೆ ಕಡೆಯ ಕ್ರೈಸ್ತರು ಎಂಬ ರೂಢಿಯಿತ್ತು. ನಮ್ಮ ಬಾಪ್ಪು ಆ ಕೊನೆಯ ಸಾಲಿನಲ್ಲಿ ಸೇರಿಕೊಂಡರು. ಊರಿನಲ್ಲಿ ಅವರು ‘ಬಟ್ಲರ್’.

1943ರ ಫೆಬ್ರವರಿಯಲ್ಲಿ ಕಂಪನಿಯಿಂದ ಕಾಗದ ಬಂತು. ಶತ್ರುವಿನ ದಾಳಿಯಲ್ಲಿ ಹಡಗು ಮುಳುಗಿದೆ, ನಿಮ್ಮವರ ಪತ್ತೆಯಿಲ್ಲ ಎಂದು ಅದರಲ್ಲಿತ್ತಂತೆ. ಆ ಕಾಗದವನ್ನು ಗೆದ್ದಲು ತಿಂದಿತು, ಹಡಗಿನ ಹೆಸರು ಯಾರಿಗೂ ನೆನಪಿಲ್ಲ. ಸತ್ತ ದಿನ ಗೊತ್ತಿಲ್ಲದ ಕಾರಣ, ಕಾಗದ ಬಂದ ಫೆಬ್ರವರಿಯಲ್ಲೇ ಇಷ್ಟು ವರ್ಷ ಅವರ ಆತ್ಮಕ್ಕೆ ಪೂಜೆ ಇಡಿಸುತ್ತಾ ಬಂದೆವು.

ಉಳಿದದ್ದು ಅವರ ಕೊನೆಯ ಪತ್ರವೊಂದೇ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ, ನೀಲಿ ಶಾಯಿ. ಲಕೋಟೆಯ ಒಂದು ಅಂಚನ್ನು ಕತ್ತರಿಸಿ ಸೆನ್ಸಾರಿನವರು ಪಟ್ಟಿ ಅಂಟಿಸಿದ್ದಾರೆ. ತಾರೀಖು 1942ರ ಅಕ್ಟೋಬರ್ 9. ಊರಿನ ಹೆಸರು ಇದ್ದಿರಬೇಕಾದಲ್ಲಿ ಬ್ಲೇಡಿನಿಂದ ತೆಗೆದ ಉದ್ದನೆಯ ಕಿಂಡಿ. ಬೆಳಕಿಗೆ ಹಿಡಿದರೆ ಅದರೊಳಗಿಂದ ನಮ್ಮ ಅಂಗಳ ಕಾಣುತ್ತದೆ. ಆ ಕಿಂಡಿಯ ಕೆಳಗಿನ ಸಾಲನ್ನು ಯಾರೂ ಮುಟ್ಟಿಲ್ಲ: ‘ಇಲ್ಲಿಯೂ ನಮ್ಮಲ್ಲಿಯ ಹಾಗೆಯೇ ಮಳೆ, ಬಂದರಿನ ಬೆನ್ನಿಗೇ ಗುಡ್ಡ, ಅಮ್ಮ ನೋಡಿದರೆ ಊರೆಂದೇ ತಿಳಿಯುತ್ತಾರೆ.’

ಮೊದಲು ನಾನು ಹೋದದ್ದು ವಂಶಾವಳಿ ಹುಡುಕಿಕೊಡುತ್ತೇವೆ ಎನ್ನುವ ಖಾಸಗಿ ಸಂಸ್ಥೆಯೊಂದಕ್ಕೆ. ಹೆಸರು ಬೇಡ. ಹದಿನೆಂಟು ಸಾವಿರ ರೂಪಾಯಿ ಮುಂಗಡ, ನಾಲ್ಕು ತಿಂಗಳ ನಂತರ ಆರು ಪುಟದ ವರದಿ. ಲಂಡನ್ನಿನ ಟವರ್ ಹಿಲ್ ಸ್ಮಾರಕದ ಚಂದದ ಚಿತ್ರ ಹಾಕಿ, ‘ಈ ಹೆಸರಿನವರು ಇಲ್ಲಿ ದಾಖಲಾಗಿಲ್ಲ’ ಎಂದು ಮುಗಿಸಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದ ಹಣಕ್ಕಿಂತಲೂ ‘ದಾಖಲಾಗಿಲ್ಲ’ ಎಂಬ ಆ ಒಂದು ಮಾತು ಚುಚ್ಚಿತು.

ಅವರು ಹುಡುಕಿದ ಜಾಗವೇ ತಪ್ಪಾಗಿತ್ತು. ಎರಡನೆಯ ಯುದ್ಧದಲ್ಲಿ ಸತ್ತ ಸುಮಾರು 24 ಸಾವಿರ ವ್ಯಾಪಾರಿ ನಾವಿಕರ ಹೆಸರುಗಳು ಟವರ್ ಹಿಲ್‌ನಲ್ಲಿವೆ, ನಿಜ. ಆದರೆ ಸಮುದ್ರದಲ್ಲೇ ಉಳಿದುಹೋದ ಭಾರತೀಯ ನಾವಿಕರ ಪಟ್ಟಿ ಬೇರೆ. ಅದು ಬಾಂಬೆ ಮತ್ತು ಚಿತ್ತಗಾಂಗ್ ಸ್ಮಾರಕಗಳ ಗೌರವ ಪುಸ್ತಕ. ಒಂದು ಪ್ರತಿ ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ, ಇನ್ನೊಂದು ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಆ ಹೆಸರುಗಳನ್ನು ಕಮಿಷನ್ನಿನ ಪುಟದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಖಾತೆ ತೆರೆಯುವ ಅಗತ್ಯವೂ ಇಲ್ಲ.

ನಮ್ಮ ಮನೆತನದ ಹೆಸರು ಡಿಸೋಜ. ಅದನ್ನು ಹಾಗೇ ಒತ್ತಿದರೆ ಏನೂ ತಿಳಿಯುವುದಿಲ್ಲ. ‘ಡಿ’ ಅಕ್ಷರದ ಪಕ್ಕ ಮೇಲುಚಿಹ್ನೆ ಇಟ್ಟು, ಇಡದೆ, ‘ದೆ’ ಎಂದು ಬಿಡಿಸಿ ಬರೆದು, ‘ಡಿ’ಯನ್ನೇ ಕೈಬಿಟ್ಟು ಬರಿಯ ‘ಸೋಜ’ ಎಂದು, ಎಲ್ಲ ಬಗೆಯಲ್ಲೂ ನೋಡಿದೆ. ಸಿಕ್ಕಿದವರು ಬೇಕಾದಷ್ಟು ಮಂದಿ. ಬಾಪ್ಪು ಯಾರೆಂದು ಗುರುತಿಸುವುದು ಹೇಗೆ? ಆಗ ಕಣ್ಣಿಗೆ ಬಿದ್ದದ್ದು ಹಡಗಿನ ಹೆಸರು ಹಾಕಿ ಹುಡುಕುವ ಚೌಕ. ನಾನು ಈ ಸೇವೆಯನ್ನು ಹೊಗಳುವುದು ಮುಖ್ಯವಾಗಿ ಆ ಒಂದು ಚೌಕಕ್ಕಾಗಿ.

ಹಡಗು ಯಾವುದೆಂದು ಹೇಳಿದ್ದು ಪತ್ರದ ಆ ಮಳೆ. ಅಕ್ಟೋಬರಿನಲ್ಲಿ ನಮ್ಮಲ್ಲಿಯಂತೆ ಸುರಿಯುವ ಮಳೆ, ಬಂದರಿಗೆ ತಾಗಿದ ಗುಡ್ಡ, ಹಡಗುಗಳು ಗುಂಪುಗೂಡಲು ಕಾಯುವ ಜಾಗ ಎಂದರೆ ಪಶ್ಚಿಮ ಆಫ್ರಿಕಾದ ಫ್ರೀಟೌನ್. ಅಲ್ಲಿಂದ ಬ್ರಿಟನ್ನಿಗೆ ಹೊರಡುತ್ತಿದ್ದ ಕಾನ್ವಾಯ್‌ಗಳಿಗೆ, ಎಂದರೆ ಕಾವಲಿನಲ್ಲಿ ಸಾಗುವ ಹಡಗುಗಳ ಗುಂಪುಗಳಿಗೆ, ಎಸ್‌ಎಲ್ ಎಂಬ ಗುರುತು. ಕಾನ್ವಾಯ್‌ವೆಬ್ ಎಂಬ ತಾಣದಲ್ಲಿ ಅವುಗಳ ತಾರೀಖುಗಳಿವೆ. ಪತ್ರದ ದಿನದ ನಂತರ ಹೊರಟದ್ದು ಎಸ್‌ಎಲ್ 125, 1942ರ ಅಕ್ಟೋಬರ್ 16ರಂದು. ಅದಾದ ಮೇಲೆ ಆ ದಾರಿಯ ಕಾನ್ವಾಯ್‌ಗಳನ್ನು ಮುಂದಿನ ವರ್ಷದವರೆಗೆ ನಿಲ್ಲಿಸಿದ್ದರು. ಹಾಗಾಗಿ ಬೇರೆ ಸಾಧ್ಯತೆ ಉಳಿಯಲಿಲ್ಲ.

ಆ ಕಾನ್ವಾಯ್ ಕ್ಯಾನರಿ ಮತ್ತು ಮದೇರಾ ದ್ವೀಪಗಳ ಆಚೆ ಜರ್ಮನ್ ಜಲಾಂತರ್ಗಾಮಿಗಳ ಕೈಗೆ ಸಿಕ್ಕಿತು. ತಿಂಗಳ ಕೊನೆಯ ವಾರದಲ್ಲಿ ರಾತ್ರಿಯಿಂದ ರಾತ್ರಿಗೆ ಒಟ್ಟು 12 ಹಡಗುಗಳು ಮುಳುಗಿದವು. ಕಾವಲಿಗಿದ್ದದ್ದು ಕಾರ್ವೆಟ್ ಎಂಬ ಸಣ್ಣ ಯುದ್ಧನೌಕೆಗಳು ಬೆರಳೆಣಿಕೆಯಷ್ಟು. ಅದೇ ಹೊತ್ತಿನಲ್ಲಿ ಉತ್ತರ ಆಫ್ರಿಕಾದಲ್ಲಿ ಇಳಿಯಬೇಕಿದ್ದ ಮಿತ್ರರಾಷ್ಟ್ರಗಳ ಸೇನೆಯ ಹಡಗುಗಳು ಅದೇ ಕಡಲಿನಲ್ಲಿ ಕ್ಷೇಮವಾಗಿ ದಾಟಿಹೋದವು. ನವೆಂಬರ್ 8ಕ್ಕೆ ಸೇನೆ ದಡ ಮುಟ್ಟಿತು. ಬೇಕೆಂದೇ ಈ ಕಾನ್ವಾಯನ್ನು ಬಲಿಗೆ ಬಿಟ್ಟರೇ ಎಂಬ ವಾದ ಇಂದಿಗೂ ಇದೆ, ಪುರಾವೆ ಇಲ್ಲ. ಅದನ್ನು ಓದಿದ ಮೇಲೆ ನಾನು ಕಂಪ್ಯೂಟರ್ ಮುಚ್ಚಿ ನದಿಯವರೆಗೆ ನಡೆದುಹೋಗಿ ಬಂದೆ.

ಮುಳುಗಿದ ಹಡಗುಗಳ ಹೆಸರು ಯೂಬೋಟ್ ಡಾಟ್ ನೆಟ್‌ನಲ್ಲಿ ಸಿಕ್ಕಿತು. ಒಂದೊಂದನ್ನೇ ಕಮಿಷನ್ನಿನ ಆ ಚೌಕದಲ್ಲಿ ಬರೆದೆ. ಕೆಲವಕ್ಕೆ ಬರಿಯ ಬ್ರಿಟಿಷ್ ಹೆಸರುಗಳು ಬಂದವು. ಎಂಟನೆಯದಕ್ಕೆ ನಮ್ಮವರ ಹೆಸರುಗಳು ಸಾಲಾಗಿ ತೆರೆದುಕೊಂಡವು, ಆ ಸಾಲಿನಲ್ಲಿ ಬಾಪ್ಪು ಇದ್ದರು. ಹೆಸರು, ‘ಜನರಲ್ ಸರ್ವೆಂಟ್’ ಎಂಬ ಹುದ್ದೆ, ಇಂಡಿಯನ್ ಮರ್ಚೆಂಟ್ ನೇವಿ, ಹಡಗು, 1942ರ ಅಕ್ಟೋಬರ್ 30. ಇಷ್ಟೇ. ಎಂಬತ್ತು ವರ್ಷಗಳಾದ ಮೇಲೆ ನಮಗೊಂದು ತಾರೀಖು ಸಿಕ್ಕಿತು. ತೊಂಬತ್ತರ ಹತ್ತಿರದ ಅತ್ತೆಗೆ ಓದಿ ಹೇಳಿದೆ. ‘ಸರ್ವ ಆತ್ಮಗಳ ದಿನಕ್ಕೆ ಮೂರು ದಿನ ಇರುವಾಗ’ ಎಂದು ನವೆಂಬರ್ 2ರವರೆಗೆ ಬೆರಳು ಮಡಚಿ ಎಣಿಸಿದರು. ಬೇರೇನೂ ಮಾತಾಡಲಿಲ್ಲ.

ನನಗೆ ನೋವಾದದ್ದನ್ನೂ ಹೇಳಬೇಕು. ಬ್ರಿಟಿಷ್ ನಾವಿಕರ ಎಷ್ಟೋ ದಾಖಲೆಗಳಲ್ಲಿ ವಯಸ್ಸು, ತಂದೆತಾಯಿ, ಊರು ಇವೆ. ನಮ್ಮವರಲ್ಲಿ ಹಲವರಿಗೆ ಅದೊಂದೂ ಇಲ್ಲ, ಕೆಲವರಿಗೆ ಪೂರ್ತಿ ಹೆಸರೂ ಇಲ್ಲ. ಅಂದು ಹಡಗು ಕಚೇರಿಯ ಗುಮಾಸ್ತ ಬರೆದುಕೊಂಡಷ್ಟೇ ಉಳಿದಿದೆ. ಪುರಾವೆ ಕೊಟ್ಟರೆ ತಿದ್ದುಪಡಿ ಕೇಳಬಹುದು. ನಾನು ಇಗರ್ಜಿಯ ಜ್ಞಾನಸ್ನಾನ ಪುಸ್ತಕದ ನಕಲು ಕಳುಹಿಸಿದ್ದೇನೆ. ಇನ್ನೊಂದು ಮಾತು: ವ್ಯಾಪಾರಿ ನಾವಿಕರ ವಿಷಯದಲ್ಲಿ ಯುದ್ಧದ ಕಾರಣದಿಂದ ಸತ್ತವರನ್ನಷ್ಟೇ ಸೇರಿಸಿದ್ದಾರೆ. ಹಡಗಿನಲ್ಲಿ ಜ್ವರದಿಂದ ತೀರಿಕೊಂಡವರನ್ನು ಇಲ್ಲಿ ಹುಡುಕಿ ನಿರಾಶರಾಗಬೇಡಿ. ಹಡಗು ಯಾವುದೆಂದು ಖಚಿತವಾದ ಮೇಲೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 389 ಎಂಬ ಸಾಲಿನಲ್ಲಿ ಹಡಗುಗಳ ಸಂಚಾರದ ಕಾರ್ಡುಗಳಿವೆ, ಸಣ್ಣ ಶುಲ್ಕ ಕಟ್ಟಿದರೆ ಸಿಗುತ್ತವೆ. ನಮ್ಮ ಹಡಗಿನದರಲ್ಲಿ ಅಕ್ಟೋಬರ್ ಮೊದಲ ವಾರದ ಎದುರು ಫ್ರೀಟೌನ್ ಎಂದಿದೆ. ಪತ್ರದ ಕಿಂಡಿಯಲ್ಲಿದ್ದ ಹೆಸರು ಅದೇ.

ಹಡಗಿನ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಅದೇ ಸಾಲಿನಲ್ಲಿ ಬಾಪ್ಪುವಿಗಿಂತ ನಾಲ್ಕು ಹೆಸರು ಕೆಳಗೆ ಇನ್ನೊಬ್ಬರಿದ್ದಾರೆ, ಅವರ ಮನೆತನ ಹೊಳೆಯಾಚೆಯ ಊರಿನಲ್ಲಿ ಈಗಲೂ ಇದೆ. ಅವರಿಗೆ ಗೊತ್ತಿದೆಯೋ ಇಲ್ಲವೋ. ಕಮಿಷನ್ ಕೊಡುವ ಪ್ರಮಾಣಪತ್ರವನ್ನು ಇಬ್ಬರ ಹೆಸರಿನಲ್ಲೂ ಮುದ್ರಿಸಿ ಇಟ್ಟಿದ್ದೇನೆ. ಭಾನುವಾರ ಪೂಜೆ ಮುಗಿದ ಮೇಲೆ ಅತ್ತೆಯನ್ನು ಕರೆದುಕೊಂಡು ಆ ಮನೆಗೆ ಹೋಗುವುದಿದೆ.