ಎಜಿಇ-3 ಯಂತ್ರ: ಒಂದು ಮಿಲಿಗ್ರಾಂ ಇದ್ದರೆ ನಿಶ್ಚಿಂತೆ, ಅದಕ್ಕಿಂತ ಕಡಿಮೆ ಇದ್ದರೆ ಹುಷಾರು

ನಾನು ಇಂಗಾಲ ಅಳೆದು ಹಳೇ ವಸ್ತುಗಳ ವಯಸ್ಸು ಹೇಳುವ ರೇಡಿಯೋಕಾರ್ಬನ್ ಲ್ಯಾಬಿನಲ್ಲಿ ಸ್ಯಾಂಪಲ್ ತಯಾರು ಮಾಡುವವಳು. ಊರು ಬಳ್ಳಾರಿ ಕಡೆ. ಸಂಗನಕಲ್ಲಿನಂಥ ಹಳೇ ನೆಲೆಗಳಲ್ಲಿ ಸಿಗುವ ಕರಕಲು ಹುರುಳಿ ಕಾಳು ಟೇಬಲ್ಲಿಗೆ ಬಂದರೆ ಉಸಿರು ಬಿಡುವುದಕ್ಕೂ ಭಯ. ಜೋರಾಗಿ ಬಿಟ್ಟರೆ ಹಾರಿಯೇ ಹೋಗುತ್ತದೆ.

ಅಳೆಯುವ ಮುಂಚೆ ಸಾಮಾನ್ಯವಾಗಿ ಸ್ಯಾಂಪಲ್ಲಿನ ಇಂಗಾಲವನ್ನು ಗ್ರಾಫೈಟ್ ಮಾಡಬೇಕು. ಮೊದಲೆಲ್ಲ ಅದನ್ನು ಗಾಜಿನ ಕೊಳವೆಗಳ ಲೈನಿನಲ್ಲಿ ಕೈಯಾರೆ ಮಾಡುತ್ತಿದ್ದೆವು. ದ್ರವ ಸಾರಜನಕ ಸುರಿಯುತ್ತಾ, ವಾಲ್ವ್ ತಿರುಗಿಸುತ್ತಾ ದಿನವಿಡೀ ನಿಂತಿರಬೇಕು. ಆ ಕೆಲಸವನ್ನು ತಾನೇ ಮಾಡುವ, ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಎಜಿಇ-3 ಯಂತ್ರ ಬಂದ ಮೇಲೆ ಕಾಲುನೋವು ಹೋಯಿತು. ತವರದ ಪುಟ್ಟ ಕಪ್ಪಿನಲ್ಲಿ ಮಡಚಿಟ್ಟ ಸ್ಯಾಂಪಲ್ ಉರಿಯುತ್ತದೆ. ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜ ಹಿಡಿದುಕೊಂಡು, ಬಿಸಿ ಮಾಡಿದಾಗ ಬಿಡುತ್ತದೆ. ಆಮೇಲೆ ಹೈಡ್ರೋಜನ್ ಜೊತೆ ಸೇರಿ, ಸುಮಾರು 580 ಡಿಗ್ರಿಯಲ್ಲಿ ಕಬ್ಬಿಣದ ಪುಡಿಯ ಮೇಲೆ ಗ್ರಾಫೈಟ್ ಕೂರುತ್ತದೆ. ಒಂದು ಸಲಕ್ಕೆ ಏಳು ಸ್ಯಾಂಪಲ್. 1 ಮಿಲಿಗ್ರಾಂ ಇಂಗಾಲ ಇದ್ದರೆ ಇದಕ್ಕಿಂತ ಒಳ್ಳೆಯ ಸಂಗಾತಿ ನನಗಂತೂ ಸಿಕ್ಕಿಲ್ಲ.

ಸಣ್ಣ ಸ್ಯಾಂಪಲ್ಲಿನ ಕಥೆ ಬೇರೆ. ಕಳೆದ ಮಳೆಗಾಲದಲ್ಲಿ ಒಂದು ಕಾಳು ಹತ್ತಿಯಲ್ಲಿ ಸುತ್ತಿಕೊಂಡು ಬಂತು. ಮೈಕ್ರೋಸ್ಕೋಪ್ ಕೆಳಗಿಟ್ಟೆ. ಕಾಳಿನ ಬಿರುಕಿನಲ್ಲಿ ಒಂದು ಬಿಳಿ ಎಳೆ ಸಿಕ್ಕಿಕೊಂಡಿತ್ತು, ಒಂದೂವರೆ ಸೆಂಟಿಮೀಟರ್ ಇರಬಹುದು. ಅಷ್ಟು ಎಳೆಯಲ್ಲಿ ಹತ್ತಿರಹತ್ತಿರ 1 ಮೈಕ್ರೋಗ್ರಾಂ ಇಂಗಾಲ ಇರುತ್ತದೆ, ಅದೂ ಹೊಚ್ಚ ಹೊಸದು. ಆಸಿಡ್, ಕ್ಷಾರ, ಮತ್ತೆ ಆಸಿಡ್ ಅಂತ ತೊಳೆದರೂ ಹತ್ತಿ ಪೂರ್ತಿ ಹೋಗುವುದಿಲ್ಲ. ಕ್ಷಾರ ಜೋರಾದರೆ ಕಾಳೇ ಕರಗಿ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಲೆಕ್ಕ ಹಾಕಿ ನೋಡಿ. 4000 ವರ್ಷ ಹಳೆಯ 1 ಮಿಲಿಗ್ರಾಂ ಇಂಗಾಲದಲ್ಲಿ ಈ ಎಳೆ ಬೆರೆತರೆ ವಯಸ್ಸು 5 ವರ್ಷ ತಪ್ಪುತ್ತದೆ, ಅಷ್ಟೇ. ಬರೀ 20 ಮೈಕ್ರೋಗ್ರಾಂನಲ್ಲಿ ಬೆರೆತರೆ? ಕಾಳು 250 ವರ್ಷ ಚಿಕ್ಕದಾಗಿಬಿಡುತ್ತದೆ! ಒಂದು ಎಳೆಯಿಂದ ಹತ್ತು ತಲೆಮಾರಿನ ವ್ಯತ್ಯಾಸ ಅಲ್ವಾ?

ಇನ್ನೊಂದು ವಿಷಯ. ಜಿಯೋಲೈಟ್ ಹಿಂದಿನ ಸ್ಯಾಂಪಲ್ಲಿನ ಗ್ಯಾಸನ್ನು ಚೂರು ಉಳಿಸಿಕೊಳ್ಳುತ್ತದೆ. ಅದು ಆ ಪದಾರ್ಥದ ಗುಣ. ದೊಡ್ಡ ಸ್ಯಾಂಪಲ್ಲಿಗೆ ಏನೂ ಆಗುವುದಿಲ್ಲ, ಸಣ್ಣದಕ್ಕೆ ಪೆಟ್ಟು. ಅದಕ್ಕೇ ನಾನು ಸಣ್ಣದರ ಮುಂಚೆ ಸುಮಾರು ಅದೇ ವಯಸ್ಸಿನ ಬೇರೆ ಚೂರೊಂದನ್ನು ಸುಟ್ಟು ದಾರಿ ತೊಳೆಯುತ್ತೇನೆ. ಬ್ಲ್ಯಾಂಕ್, ಅಂದರೆ ಹೊರಗಿನ ಇಂಗಾಲ ಎಷ್ಟು ಸೇರಿದೆ ಅಂತ ನೋಡಲು ಇಡುವ ರೇಡಿಯೋಕಾರ್ಬನ್ ಇಲ್ಲದ ಪದಾರ್ಥ, ಅದನ್ನೂ ಸ್ಯಾಂಪಲ್ಲಿನಷ್ಟೇ ತೂಕದ್ದು ಇಡುತ್ತೇನೆ. ಸುಮ್ನೆ 1 ಮಿಲಿಗ್ರಾಂ ಬ್ಲ್ಯಾಂಕ್ ಹಾಕಿ ಎಲ್ಲಾ ಸರಿಯಿದೆ ಅಂದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ.

100 ಮೈಕ್ರೋಗ್ರಾಂಗಿಂತ ಕೆಳಗಿಳಿದರೆ ಈ ಯಂತ್ರದ ಆಸೆ ಬಿಡಿ. ರೇಡಿಯೋಕಾರ್ಬನ್ ಅಳೆಯುವ ಮೈಕಾಡಾಸ್ ಯಂತ್ರದ ಗ್ಯಾಸ್ ಸೋರ್ಸಿಗೆ ಕೊಡಿ. ಅಲ್ಲಿ ಗ್ರಾಫೈಟ್ ಮಾಡದೆ ಗ್ಯಾಸನ್ನೇ ನೇರ ಅಳೆಯುತ್ತಾರೆ. ನಿಖರತೆ ಸ್ವಲ್ಪ ಕಡಿಮೆ, ಆದರೆ 10 ಮೈಕ್ರೋಗ್ರಾಂ ತನಕ ನಡೆಯುತ್ತದೆ. ಎಳೆ ಬಿಡಿಸಿದ ಮೇಲೆ ಆ ಕಾಳನ್ನೂ ಹಾಗೇ ಕಳಿಸಿದೆ.

ಅಗೆಯುವವರಲ್ಲಿ ಕೈಮುಗಿದು ಕೇಳುತ್ತೇನೆ: ಕಾಳನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲೋ ಗಾಜಿನ ಸೀಸೆಯಲ್ಲೋ ಹಾಕಿ ಕಳಿಸಿ. ಹತ್ತಿ ಬೇಡ, ಕಾಗದದ ಚೀಟಿಯನ್ನೂ ಒಳಗೆ ಇಡಬೇಡಿ.