ತತ್ತ್ವಶಾಸ್ತ್ರದ ಎಂ.ಎ. ಬಳಿಕ: ಬೋಧನೆಯೋ, ಸಂಶೋಧನೆಯೋ?

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿದವರು ಕಾಲೇಜು ಬೋಧನೆ ಮತ್ತು ಪಿಎಚ್.ಡಿ. ಎಂಬ ಎರಡು ದಾರಿಗಳನ್ನು ಮೊದಲು ವಯಸ್ಸಿನ ದೃಷ್ಟಿಯಿಂದ ತೂಗಿ ನೋಡುವುದು ಒಳ್ಳೆಯದು. ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಪಿಎಚ್.ಡಿ. ಕಡ್ಡಾಯವಲ್ಲ, ರಾಷ್ಟ್ರಮಟ್ಟದ ನೆಟ್ ಅಥವಾ ಕರ್ನಾಟಕದ ಕೆಸೆಟ್ ಅರ್ಹತಾ ಪರೀಕ್ಷೆಯೇ ಕನಿಷ್ಠ ಅರ್ಹತೆಯೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ತಿಳಿಸಿದೆ. ಈ ಅರ್ಹತೆಗೆ ಗರಿಷ್ಠ ವಯೋಮಿತಿಯೂ ಇಲ್ಲ. ಸಂಶೋಧಕರಿಗೆ ತಿಂಗಳ ಧನಸಹಾಯ ನೀಡುವ ಜೆಆರ್‌ಎಫ್ ಎಂಬ ಫೆಲೋಶಿಪ್‌ಗಾದರೋ ಸಾಮಾನ್ಯವಾಗಿ 30 ವರ್ಷದ ಮಿತಿಯಿದ್ದು, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಸಡಿಲಿಕೆ ಸಿಗುತ್ತದೆ.

ಬೋಧನೆಯಲ್ಲಿ ಕಾಯಂ ಹುದ್ದೆಯ ಭದ್ರತೆ ದೊಡ್ಡದು, ಆದರೆ ವಾರಕ್ಕೆ 16 ಗಂಟೆ ಪಾಠವಿರುತ್ತದೆ. ತತ್ತ್ವಶಾಸ್ತ್ರವನ್ನು ಪದವಿ ವಿಷಯವಾಗಿ ಕಲಿಸುವ ಕಾಲೇಜುಗಳೇ ಕಡಿಮೆಯಾದ್ದರಿಂದ, ಮೈಸೂರು ಮಂಡ್ಯಗಳಲ್ಲಷ್ಟೇ ಹುದ್ದೆ ಹುಡುಕುವವರು ಅತಿಥಿ ಉಪನ್ಯಾಸಕರಾಗಿಯೇ ಬಹುಕಾಲ ಉಳಿಯಬೇಕಾದೀತು.

ಸಂಶೋಧನೆಗೆ ಮೈಸೂರಿನಷ್ಟು ಅನುಕೂಲವಾದ ಊರು ಅಪರೂಪ. ತತ್ತ್ವಶಾಸ್ತ್ರದ ವಿದ್ವಾಂಸರಾದ ರಾಧಾಕೃಷ್ಣನ್ ಮತ್ತು ಎಂ. ಹಿರಿಯಣ್ಣ ಪಾಠ ಹೇಳಿದ ಮಹಾರಾಜ ಕಾಲೇಜು ಇಲ್ಲಿದೆ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳು, ಸಂಸ್ಕೃತ ಬಲ್ಲವರಿಗೆ ನಿಜಕ್ಕೂ ನಿಧಿ. ಜೆಆರ್‌ಎಫ್ ಮೊತ್ತವೂ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ 42,000 ರೂಪಾಯಿ.

ಫೆಲೋಶಿಪ್ ದೊರೆತವರು ಹಿಂಜರಿಯದೆ ಸಂಶೋಧನೆಯನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಫೆಲೋಶಿಪ್ ಇಲ್ಲದೆ, ಮನೆಯ ಜವಾಬ್ದಾರಿಯೂ ಹೆಗಲ ಮೇಲಿರುವವರು ಕೆಸೆಟ್ ಬರೆದು ಬೋಧನೆಗೆ ಸೇರಿ, ಅರೆಕಾಲಿಕ ಪಿಎಚ್.ಡಿ.ಗೆ ಪ್ರಯತ್ನಿಸಬಹುದು.